ರೊಟ್ಟಮ್ಮನ ದಿಣ್ಣೆಗೆ ಹೆಸರು ಬಂದ ಬಗೆ

ಕೋಲಾರ ಸೀಮೆಯಲ್ಲಿ, ಚಿನ್ನದ ಗಣಿಯಿಂದ ಎತ್ತಿ ಸುರಿದ ಬಿಳಿಮಣ್ಣಿನ ಗುಡ್ಡೆಗಳನ್ನು ದಾಟಿ ಮೂಡಣಕ್ಕೆ ಹೊರಟರೆ ಈಚಲುಗುಟ್ಟೆ ಎಂಬ ಹಳ್ಳಿ ಸಿಗುತ್ತದೆ. ಹಳ್ಳಿಯ ಬೆನ್ನಿಗೆ ಒಂದು ಕಲ್ಲುದಿಣ್ಣೆ, ಹತ್ತಲು ಎಪ್ಪತ್ತೊಂದು ಮೆಟ್ಟಿಲು. ಎಪ್ಪತ್ತೆಂದು ವಾದಿಸುವವರೂ ಇದ್ದಾರೆ. ಕೊನೆಯದು ಮೆಟ್ಟಿಲೋ ಬಂಡೆಯೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಮೇಲೆ ಒಂದು ಗುಡಿ ಇದೆ. ಅದಕ್ಕೆ ಗೋಪುರವಿಲ್ಲ, ಕಂಬವಿಲ್ಲ. ದೊಡ್ಡ ಹರವಿಯನ್ನು ಬೋರಲು ಹಾಕಿದಂತೆ ದುಂಡನೆಯ ಮೈ, ಹಿಂಬದಿಯಲ್ಲಿ ಆಳೆತ್ತರದ ಹೊಗೆಗೂಡು, ಮುಂದೆ ಮಂಡಿಯೂರಿ ಬಗ್ಗಿದರಷ್ಟೇ ಒಳಗು ಕಾಣುವಂಥ ಕಿರಿದಾದ ಬಾಯಿ, ಆ ಬಾಯಿಯ ಮೇಲೆ ಹಿತ್ತಾಳೆಯ ಎರಡು ಕಣ್ಣು. ಮೊದಲ ಸಲ ಬಂದವರು ಇದನ್ನು ಸುತ್ತುಹಾಕಿ ನೋಡಿ, ಕೈ ಮುಗಿಯಬೇಕೋ ಬೇಡವೋ ಎಂದು ಪಕ್ಕದವರ ಮುಖ ನೋಡುತ್ತಾರೆ. ಪಕ್ಕದವರು ಈಚಲುಗುಟ್ಟೆಯವರಾಗಿದ್ದರೆ ಮುಗಿಯುತ್ತಾರೆ.

ಈ ದಿಣ್ಣೆಯ ಹೆಸರಿನ ಬಗ್ಗೆ ಒಬ್ಬ ವಿದ್ವಾಂಸರು ಹಿಂದೆ ಲೇಖನ ಬರೆದಿದ್ದರು. ರಟ್ಟರೆಂಬ ಅರಸರ ಕುಲದೇವತೆ ರಟ್ಟಮ್ಮ, ಅದೇ ಜನರ ಬಾಯಲ್ಲಿ ರೊಟ್ಟಮ್ಮ ಆಯಿತು ಎಂದು ಅವರ ವಾದ. ಅವರು ದಿಣ್ಣೆ ಹತ್ತಿರಲಿಲ್ಲ, ಕಾಲುನೋವಿತ್ತು. ನಾನು ಮೂವತ್ತೆರಡು ವರ್ಷ ಇದೇ ಊರಿನಲ್ಲಿ ಅಂಚೆ ಹಂಚಿದವನು. ದಿಣ್ಣೆಯ ಸುತ್ತಲಿನ ಮನೆಗಳಲ್ಲಿ ನೀರು, ಮಜ್ಜಿಗೆ, ಚಹಾ ಕುಡಿಯುತ್ತ ಕೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ಹತ್ತು ಮನೆಯವರು ಹತ್ತು ರೀತಿ ಹೇಳಿದರೂ ನಡೆದ ಸಂಗತಿ ಒಂದೇ. ಅದರಲ್ಲಿ ಅರಸರು ಯಾರೂ ಇಲ್ಲ.

ಹಿಂದೆ ಒಮ್ಮೆ, ಗಣಿಗಳು ಆಗತಾನೇ ಆಳಕ್ಕಿಳಿಯುತ್ತಿದ್ದ ಕಾಲದಲ್ಲಿ, ಈ ಕಡೆಗೆ ದೂರ ದೂರದ ದೇಶಗಳಿಂದ ಜನ ಬಂದು ನೆಲೆಸಿದರು. ಇಂಗ್ಲೆಂಡಿನ ತುದಿಯ ಕಾರ್ನ್‌ವಾಲ್ ಎಂಬಲ್ಲಿಂದ ತಲೆತಲಾಂತರದ ಗಣಿಗಾರರು ಬಂದರು, ಇಟಲಿಯ ಬೆಟ್ಟದೂರುಗಳಿಂದ ಬಂಡೆ ಒಡೆಯುವವರು ಬಂದರು. ಬಂದವರು ತಮ್ಮ ಊರನ್ನೂ ಹೊತ್ತು ತಂದಿದ್ದರು. ಮಾಘಮಾಸದಲ್ಲೂ ಬೆವರು ಸುರಿಯುವ ನೆಲದಲ್ಲಿ ಚಳಿ ಕಾಯಿಸಲು ಮನೆಯೊಳಗೆ ಅಗ್ಗಿಷ್ಟಿಕೆ ಕಟ್ಟಿಸಿಕೊಂಡರು. ಕುಡಿಯುವ ನೀರಿಗೆ ಪರದಾಡುವ ಊರಿನಲ್ಲಿ ಗುಲಾಬಿ ಬೆಳೆದರು. ಭಾನುವಾರ ಅವರ ಪ್ರಾರ್ಥನೆಯ ಹಾಡು ಗಾಳಿಯಲ್ಲಿ ತೇಲಿ ಬಂದರೆ, ನಮ್ಮವರು ಅದೇ ಧಾಟಿಗೆ ಭಜನೆ ಕೂರಿಸಿಕೊಂಡರು. ಇವತ್ತಿಗೂ ಈಚಲುಗುಟ್ಟೆಯ ಭಜನೆಯಲ್ಲಿ ಒಂದು ಕಡೆ ರಾಗ ಇದ್ದಕ್ಕಿದ್ದಂತೆ ಇಗರ್ಜಿಯ ಕಡೆಗೆ ತಿರುಗಿ ಮತ್ತೆ ದಾರಿಗೆ ಬರುತ್ತದೆ.

ಆ ಇಟಲಿಯವರಲ್ಲಿ ಒಬ್ಬನ ಹೆಸರು ಬತ್ತಿಸ್ತ. ಸುರಂಗದಲ್ಲಿ ಬಂಡೆ ಸಿಡಿಸಲು ಮದ್ದು ತುಂಬಿ ಅದರ ಬತ್ತಿಗೆ ಬೆಂಕಿ ಮುಟ್ಟಿಸುವುದೇ ಅವನ ಕೆಲಸವಾದ್ದರಿಂದ, ತಂದೆತಾಯಿ ಮುಂದಾಲೋಚನೆಯಿಂದಲೇ ಹೆಸರಿಟ್ಟಿದ್ದಾರೆ ಎಂದುಕೊಂಡು ಜನ ಅವನನ್ನು ಬತ್ತಿ ದೊರೆ ಎಂದು ಕರೆದರು. ಕೆಂಪು ಮೀಸೆಯ, ಗಿಡ್ಡ, ದುಂಡು ಮನುಷ್ಯ. ಅವನಿಗೆ ಬರುತ್ತಿದ್ದ ಕನ್ನಡ ಐದೇ ಮಾತು: ಬತ್ತಿ, ಓಡು, ನೀರು, ರೊಟ್ಟಿ, ಅಮ್ಮ. ಮೊದಲ ಎರಡು ಕೆಲಸಕ್ಕೆ, ಉಳಿದ ಮೂರು ಹೊಟ್ಟೆಗೆ. ಅವನ ದುಃಖವೆಲ್ಲ ಹೊಟ್ಟೆಯದ್ದೇ ಆಗಿತ್ತು. ಮುದ್ದೆಯನ್ನು ಅಗಿಯಲು ಹೋಗಿ ಸೋತಿದ್ದ. ಅನ್ನ ತಿಂದರೆ ತಿಂದಂತೆಯೇ ಅನಿಸುತ್ತಿರಲಿಲ್ಲವಂತೆ. ಕಂಪನಿಯ ಬಿಸ್ಕತ್ತು ಹಡಗಿನಲ್ಲಿ ಬರುವಷ್ಟರಲ್ಲಿ ಹುಳು ಅವನಿಗಿಂತ ಮೊದಲೇ ಅದನ್ನು ತಿಂದಿರುತ್ತಿತ್ತು. ಕಡೆಗೆ ಅವನು ಒಂದು ಬೇಸಗೆ ಪೂರ್ತಿ ದುಡಿದು, ನಾಡಹೆಂಚು, ಇಟ್ಟಿಗೆ, ಕೆಮ್ಮಣ್ಣು, ಬೆಲ್ಲದ ನೀರು ಎಲ್ಲ ಸೇರಿಸಿ, ಗಾಳಿ ಚೆನ್ನಾಗಿ ಆಡುವ ಈ ದಿಣ್ಣೆಯ ಮೇಲೆ ತನ್ನ ಊರಿನಂಥದ್ದೇ ಒಂದು ಒಲೆ ಕಟ್ಟಿದ.

ಒಲೆ ಸೊಗಸಾಗಿತ್ತು, ರೊಟ್ಟಿ ಮಾತ್ರ ಕಲ್ಲಾಗಿತ್ತು. ಹಿಟ್ಟನ್ನು ಉಬ್ಬಿಸಲು ಊರಿನಿಂದ ಡಬ್ಬಿಯಲ್ಲಿ ತಂದಿದ್ದ ಹುಳಿಹಿಟ್ಟು ಹಡಗಿನ ಸೆಕೆಯಲ್ಲೇ ಸತ್ತುಹೋಗಿತ್ತು. ಅವನು ಹಟ ಬಿಡದೆ ವಾರಕ್ಕೊಮ್ಮೆ ಸುಟ್ಟ. ನಾಯಿಗಳು ಮೂಸಿ ಬಿಟ್ಟವು. ಊರ ಪಟೇಲರಾದ ಯಾಲವೇಗೌಡರು ಒಂದನ್ನು ಮರ್ಯಾದೆಯಿಂದ ಈಸಿಕೊಂಡು ಹೋಗಿ ಕೊಟ್ಟಿಗೆಯ ಬಾಗಿಲಿಗೆ ಒತ್ತುಕೊಟ್ಟರು. ಅದು ಎರಡು ಮಳೆಗಾಲ ತಡೆಯಿತು ಎನ್ನುತ್ತಾರೆ.

ಆ ಒಲೆಗೆ ಸೌದೆ ತಂದುಹಾಕುತ್ತಿದ್ದವಳು ಈಡಿಗರ ಪಿಳ್ಳಮ್ಮ. ಗಂಡ ಈಚಲಮರದಿಂದ ಬಿದ್ದು ತೀರಿಕೊಂಡ ಮೇಲೆ, ಎರಡು ಹೆಣ್ಣುಮಕ್ಕಳನ್ನು ಸಾಕಲು ಹೆಂಡದ ಮಡಕೆಯನ್ನೂ ಸೌದೆಯ ಹೊರೆಯನ್ನೂ ಹೊತ್ತು ತಿರುಗುತ್ತಿದ್ದಳು. ಇಂಥ ಹೆಂಗಸು ಐದಾರು ವಾರ ಸುಮ್ಮನೆ ನೋಡಿದ್ದೇ ಹೆಚ್ಚು. ಒಂದು ದಿನ ಅವಳು ಬತ್ತಿ ದೊರೆಯನ್ನು ಪಕ್ಕಕ್ಕೆ ಸರಿಸಿ, ನಾದಿದ ಹಿಟ್ಟಿಗೆ ಬೆರಳು ಚುಚ್ಚಿ, "ಇದಕ್ಕೆ ಜೀವ ಇಲ್ಲ ಕಣಪ್ಪ," ಎಂದಳು. ಅವನಿಗೆ ಏನೂ ಅರ್ಥವಾಗಲಿಲ್ಲ. ಅವಳು ಮಡಕೆಯಿಂದ ಅರ್ಧ ಚೊಂಬು ಹುಳಿಹೆಂಡ ಹಿಟ್ಟಿನ ಮೇಲೆ ಸುರಿದುಬಿಟ್ಟಳು. ಅವನು ತಲೆಯ ಮೇಲೆ ಕೈ ಹೊತ್ತು ತನ್ನ ಭಾಷೆಯಲ್ಲಿ ಏನೇನೋ ಬೈದ. ಅವಳು ಆ ಹಿಟ್ಟಿಗೆ ಬಟ್ಟೆ ಮುಚ್ಚಿ, ಬಿಸಿಲಿಗಿಟ್ಟು, ಎಲೆಅಡಿಕೆ ಹಾಕಿಕೊಂಡು ಕುಳಿತಳು. ಎರಡು ಗಳಿಗೆಯ ಮೇಲೆ ಬಟ್ಟೆ ತಾನಾಗಿ ಮೇಲೇಳತೊಡಗಿತು. ಬತ್ತಿ ದೊರೆ ಅದನ್ನು ನೋಡಿ ಬೈಯುವುದನ್ನು ನಿಲ್ಲಿಸಿದ. ಅವತ್ತು ಒಲೆಯಿಂದ ಹೊರಬಂದ ರೊಟ್ಟಿಯನ್ನು ಮುರಿದಾಗ ಒಳಗೆಲ್ಲ ಹತ್ತಿಯಂತಿತ್ತು. ಅವನು ಒಂದು ತುತ್ತು ತಿಂದು, ಬಂಡೆಗೆ ಒರಗಿ, ದೊಡ್ಡ ದನಿಯಲ್ಲಿ ಅತ್ತುಬಿಟ್ಟ. "ಅಮ್ಮ," ಎಂದ. ಅಂದಿನಿಂದ ಪಿಳ್ಳಮ್ಮನನ್ನು ಅವನು ಬೇರೆ ಹೆಸರಿನಿಂದ ಕರೆಯಲಿಲ್ಲ, ಅವಳಿಗಿಂತ ಅವನೇ ಎಂಟು ವರ್ಷ ದೊಡ್ಡವನಾದರೂ.

ಆಮೇಲಿನದು ಹೇಳಬೇಕಾಗಿಲ್ಲ. ಬೆಳಗಾದರೆ ದಿಣ್ಣೆಯ ಮೇಲಿನಿಂದ ಬರುವ ವಾಸನೆಗೆ ಗಣಿಯ ಜನವೆಲ್ಲ ಮೂಗನ್ನು ಅತ್ತ ತಿರುಗಿಸಿ ನಿಲ್ಲುತ್ತಿದ್ದರು. ಕಾರ್ನ್‌ವಾಲಿನವರು, ಇಟಲಿಯವರು, ಉತ್ತರಾರ್ಕಾಟಿನಿಂದ ಬಂದ ತಮಿಳು ಕೂಲಿಗಳು, ಸಾಹೇಬರ ಬಟ್ಲರುಗಳು, ಎಲ್ಲರೂ ಒಂದೇ ಸಾಲಿನಲ್ಲಿ ನಿಂತದ್ದು ಆ ಸೀಮೆಯಲ್ಲಿ ಅದೊಂದೇ ಕಡೆ ಎನ್ನುತ್ತಾರೆ. ಬತ್ತಿ ದೊರೆಗೆ ಸುರಂಗದ ಕೆಲಸವಿದ್ದುದರಿಂದ ಒಲೆ ನೋಡಿಕೊಳ್ಳುವುದು ಪಿಳ್ಳಮ್ಮನ ಪಾಲಿಗೆ ಬಂತು. ಗಣಿಯ ಕುಸಿತದಲ್ಲಿ ಗಂಡಂದಿರನ್ನು ಕಳೆದುಕೊಂಡ ನಾಲ್ವರು ಹೆಂಗಸರನ್ನು ಅವಳು ಜೊತೆಗೆ ಸೇರಿಸಿಕೊಂಡಳು. ಐದು ಮನೆಗಳ ಒಲೆ ಉರಿಯುತ್ತಿದ್ದದ್ದು ದಿಣ್ಣೆಯ ಮೇಲಿನ ಈ ಒಂದು ಒಲೆಯಿಂದ.

ಗಣಿಯ ಮೇಲ್ವಿಚಾರಣೆಗೆ ಆಗ ಟ್ರೆಗೆನ್ನ ಎಂಬ ಕಾರ್ನ್‌ವಾಲಿನ ಕ್ಯಾಪ್ಟನ್ ಇದ್ದ. ಆ ಹೆಸರು ನಮ್ಮವರ ನಾಲಗೆಯಲ್ಲಿ ತಿರುಗಣ್ಣ ಎಂದಾಯಿತು. ಸಿಟ್ಟು ಬಂದರೆ ಅವನ ಕಣ್ಣುಗುಡ್ಡೆ ನಿಜಕ್ಕೂ ತಿರುಗುತ್ತಿದ್ದುದರಿಂದ ಯಾರಿಗೂ ಅದು ತಪ್ಪೆನಿಸಲಿಲ್ಲ. ಅವನ ಹೆಂಡತಿಗೆ ಸಂಜೆ ಚಹಾ ಕುಡಿಯಲು ಗಾಳಿ ಬೀಸುವ ಕಡೆ ಒಂದು ಮಂಟಪ ಬೇಕೆನಿಸಿತು. ಸುತ್ತಮುತ್ತ ಎತ್ತರದ ಜಾಗವೆಂದರೆ ಇದೊಂದೇ. ದಿಣ್ಣೆ ಸರ್ಕಾರದಿಂದ ಕಂಪನಿಗೆ ಗುತ್ತಿಗೆಯಾಗಿತ್ತು. ಬರುವ ಸೋಮವಾರ ಒಲೆಯನ್ನು ಒಡೆಯುವುದಾಗಿ ಕ್ಯಾಪ್ಟನ್ ಹೇಳಿಕಳಿಸಿದ. ಬತ್ತಿ ದೊರೆ ಬೇಡಿಕೊಳ್ಳಲು ಹೋದವನು, ಬಂಗಲೆಯ ನಾಯಿ ಓಡಿಸಿಕೊಂಡು ಬಂದು ಷರಾಯಿ ಹರಿದದ್ದೇ ಲಾಭವಾಗಿ ಹಿಂದಿರುಗಿದ. ಪೆಟ್ಟಿಗೆ ಕಟ್ಟತೊಡಗಿದ. ಪಿಳ್ಳಮ್ಮ ಪಟೇಲರ ಮನೆಗೆ ಹೋದಳು.

"ಗೌಡ್ರೆ, ಒಲೆ ಒಡೀತಾರಂತೆ."

"ಏನ್ಮಾಡೋದಮ್ಮ, ದಿಣ್ಣೆ ಅವರ ಕೈಲೈತೆ. ಗುತ್ತಿಗೆ ಪತ್ರಕ್ಕೆ ನಾನೇ ಸಾಕ್ಷಿ."

"ಅದರಾಗೆ ಏನು ಬರ್ದಿತ್ತು?"

"ಇಪ್ಪತ್ತು ಹಾಳೆ ಬರ್ದಿತ್ತು. ಅಮಲ್ದಾರ್ರು ಪೂರ್ತಿ ಓದಿದ್ರು. ನಂಗೆ ತಿಳಿದದ್ದು ಒಂದೇ ಮಾತು. ಗುಡಿ, ಮಸೀದಿ, ಗೋರಿ, ಇವನ್ನ ಕಂಪನಿಯೋರು ಮುಟ್ಟೋಂಗಿಲ್ಲ ಅಂತ."

ಪಿಳ್ಳಮ್ಮ ಪಟೇಲರ ಮುಖವನ್ನೇ ನೋಡಿದಳು. ಪಟೇಲರಿಗೆ ಅವಳ ನೋಟದ ಅರ್ಥ ಹೊಳೆಯಿತು. ಯಾಲವೇಗೌಡರು ಜೀವಮಾನದಲ್ಲಿ ಸುಳ್ಳಾಡಿದವರಲ್ಲ. ಅದಕ್ಕಾಗಿಯೇ ಎರಡು ಮೊಕದ್ದಮೆ ಸೋತಿದ್ದರು. "ಸುಳ್ಳು ಹೇಳೋಕೆ ನನ್ನ ಕರೀಬೇಡ ಪಿಳ್ಳಮ್ಮ," ಎಂದರು. "ಸುಳ್ಳು ಯಾರು ಹೇಳು ಅಂದ್ರು? ಕೇಳಿದ್ದಕ್ಕಷ್ಟೇ ಉತ್ತರ ಕೊಡಿ. ಕೇಳದ್ದನ್ನ ಹೇಳಬೇಡಿ," ಎಂದು ಅವಳು ಹೊರಟಳು. ದಿಣ್ಣೆಯ ಮೇಲೆ ದೇವಸ್ಥಾನವಿದೆ, ಕಂಪನಿ ಒಡೆಯಲಿದೆ, ಬಂದು ಕಾಪಾಡಬೇಕು ಎಂದು ತಾಲ್ಲೂಕಿನ ಅಮಲ್ದಾರರಿಗೆ ಅರ್ಜಿ ಹೋಯಿತು. ಅದರ ಕೆಳಗೆ ಐವರು ಹೆಂಗಸರ ಹೆಬ್ಬೆಟ್ಟಿತ್ತು. ಸೋಮವಾರ ಮಧ್ಯಾಹ್ನ ತಾವೇ ಬಂದು ನೋಡುತ್ತೇವೆ ಎಂದು ಉತ್ತರ ಬಂತು.

ಭಾನುವಾರ ಪಿಳ್ಳಮ್ಮ ಒಲೆಗೆ ಸುಣ್ಣ ಬಳಿದು, ಅದರ ಮೇಲೆ ಕೆಮ್ಮಣ್ಣಿನ ಪಟ್ಟೆ ಎಳೆದಳು. ಅರಿಸಿನ ಮೆತ್ತಿ, ಕುಂಕುಮವಿಟ್ಟು, ತನ್ನ ಮದುವೆಯ ಹಿತ್ತಾಳೆ ಬಟ್ಟಲು ಎರಡನ್ನು ಕಣ್ಣಾಗಿ ಕೂರಿಸಿದಳು. ಕೂರಿಸಿ ಹಿಂದೆ ಸರಿದು ನೋಡಿದವಳು, ಯಾರೂ ಹೇಳದೆಯೇ ಕೈ ಮುಗಿದುಬಿಟ್ಟಳಂತೆ. "ಇಷ್ಟು ದಿನ ನಿನ್ನ ಬಾಯಿಗೆ ಕಡ್ಡಿ ಹಾಕಿ ತಿವಿದೆ, ಹೊಗೆ ಬಂದ್ರೆ ಬೈದೆ. ಹೊಟ್ಟೆಗೆ ಹಾಕ್ಕೊ," ಎಂದಳಂತೆ. ಜೊತೆಯ ಹೆಂಗಸರು ನಗಲು ಹೋಗಿ, ಅವಳ ಮುಖ ನೋಡಿ ತಾವೂ ಕೈ ಮುಗಿದರು.

ಅಮಲ್ದಾರರು ಮಧ್ಯಾಹ್ನ ಬರುತ್ತಾರೆಂದು ನಂಬಿ ಸೋಮವಾರ ಬೆಳಗ್ಗೆ ಎಂದಿನಂತೆ ಒಲೆ ಹೊತ್ತಿಸಿ, ಕಾದ ಮೇಲೆ ಕೆಂಡವನ್ನೆಲ್ಲ ಹೊರಗೆಳೆದು, ನಲವತ್ತು ರೊಟ್ಟಿ ಒಳಗಿಟ್ಟಿದ್ದರು. ಅದೇ ಹೊತ್ತಿಗೆ ಕೆಳಗೆ ಗಾಡಿ ಬಂದು ನಿಂತಿತು. ಅಮಲ್ದಾರ್ ಬಿಂದುಮಾಧವರಾಯರು ಬಿಸಿಲಿಗೆ ಹೆದರಿ ಹೊತ್ತಿಗೆ ಮುಂಚೆಯೇ ಹೊರಟಿದ್ದರು. ಹಣೆಯ ಮೇಲೆ ಅಂಗಾರ ಅಕ್ಷತೆ, ಮಡಿಯಲ್ಲಿ ಕಟ್ಟುನಿಟ್ಟಿನವರು, ಪರವೂರಿಗೆ ಹೋದರೆ ನೀರನ್ನೂ ಮನೆಯಿಂದಲೇ ಒಯ್ಯುವವರು. ಹಿಂದೆ ಗುಮಾಸ್ತ, ಅವನ ಹಿಂದೆ ಗುದ್ದಲಿಯವರ ಸಮೇತ ಕ್ಯಾಪ್ಟನ್. ಪಿಳ್ಳಮ್ಮ ಒಲೆಯ ಬಾಯಿಗೆ ಚಪ್ಪಡಿ ಮುಚ್ಚಿ, ಅದರ ಮೇಲೆ ಬೇವಿನ ಸೊಪ್ಪು ಇಳಿಬಿಟ್ಟು, ಮುಂದೆ ಕುಳಿತಳು. ಬತ್ತಿ ದೊರೆಯನ್ನು ಬಂಡೆಯ ಮರೆಗೆ ತಳ್ಳಿದರು.

ಅಮಲ್ದಾರರು ಮೊದಲು ಪಟೇಲರನ್ನು ವಿಚಾರಿಸಿದರು.

"ಈ ಕಟ್ಟಡ ಇಲ್ಲಿ ಯಾವಾಗಿನಿಂದ ಇದೆ?"

ಪಟೇಲರು ಬೆವರು ಒರೆಸಿಕೊಂಡರು. "ನಾನು ಇದನ್ನ ಕಂಡ ದಿನದಿಂದ ಐತೆ ಬುದ್ಧಿ."

"ಊರಿನವರು ಬರುತ್ತಾರೋ?"

"ದಿನಾ ಬೆಳಗ್ಗೆ. ಮಳೆ ಬಂದ್ರೂ ತಪ್ಪಲ್ಲ. ಸಾಲಾಗಿ ನಿಂತ್ಕೊಂತಾರೆ."

"ಜಾತಿಭೇದ ಉಂಟೋ?"

"ಇಲ್ಲ ಬುದ್ಧಿ. ಪರದೇಶದೋರೂ ಬತ್ತಾರೆ."

ಗುಮಾಸ್ತ ಎಲ್ಲವನ್ನೂ ಬರೆದುಕೊಂಡ. ಪಟೇಲರ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ತಿರುಗಣ್ಣ ದೊರೆಯ ಕಣ್ಣು ತಿರುಗಿತು. "ಇದು ಒಲೆ! ಹೊಗೆಗೂಡು ಕಾಣುವುದಿಲ್ಲವೇ? ಈ ಬಾಗಿಲು ತೆಗೆಸಿ, ಒಳಗೇನಿದೆ ನೋಡೋಣ!" ಎಂದು ಇಂಗ್ಲಿಷಿನಲ್ಲಿ ಕೂಗಿದ. ಅಮಲ್ದಾರರು ಪಿಳ್ಳಮ್ಮನ ಕಡೆ ತಿರುಗಿ, ಗರ್ಭಗುಡಿ ತೆರೆಯಲಾದೀತೇ ಎಂದು ಕೇಳಿದರು. "ಈಗಲೇ ಆಗಾಕಿಲ್ಲ ಬುದ್ಧಿ, ಅಮ್ಮನ ಬಾಯಲ್ಲಿ ತುತ್ತೈತೆ," ಎಂದಳು ಅವಳು. ಅದೂ ನಿಜವೇ.

ಆದರೆ ಆ ತುತ್ತು ಅಷ್ಟರಲ್ಲಿ ಸೀಯತೊಡಗಿತ್ತು. ಮೊದಲು ಘಮ್ಮೆಂದಿತು, ಆಮೇಲೆ ಕಮಟು ವಾಸನೆ, ಆಮೇಲೆ ಬೇವಿನ ಸೊಪ್ಪಿನ ಸಂದಿಯಿಂದ ಹೊಗೆ. ಬಂಡೆಯ ಮರೆಯಲ್ಲಿದ್ದ ಬತ್ತಿ ದೊರೆ ಮದ್ದಿನ ಸದ್ದಿಗೆ ಅಲುಗದವನು. ಈ ಹೊಗೆಯನ್ನು ತಡೆದುಕೊಳ್ಳಲಾರದೆ ಹೋದ. ಎರಡೂ ಕೈ ಮೇಲೆತ್ತಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ, "ರೊಟ್ಟಿ, ಅಮ್ಮ! ರೊಟ್ಟಿ, ಅಮ್ಮ!" ಎಂದು ಕೂಗುತ್ತ ಓಡಿಬಂದು ಗುಡಿಯ ಮುಂದೆ ಮಂಡಿಯೂರಿ ಬಿದ್ದ. ಬಿದ್ದವನು ಬರಿಗೈಯಿಂದಲೇ ಚಪ್ಪಡಿ ಎಳೆದುಹಾಕಿದ. ಕರಿಹೊಗೆ ಭುಸ್ಸೆಂದು ಹೊರಬಂದು ಅಮಲ್ದಾರರ ರುಮಾಲನ್ನೂ ಕ್ಯಾಪ್ಟನ್ನನ ಟೋಪಿಯನ್ನೂ ಒಂದೇ ಬಣ್ಣ ಮಾಡಿತು. ಹೊಗೆ ಕಳೆದಾಗ ನಲವತ್ತು ರೊಟ್ಟಿಗಳು ಕಾಣಿಸಿಕೊಂಡವು. ಹಿಂದಿನ ಸಾಲು ಕರಕಲಾಗಿತ್ತು, ಮುಂದಿನದು ಹೊಂಬಣ್ಣಕ್ಕಿತ್ತು.

"ನೋಡಿದಿರಾ!" ಎಂದ ಕ್ಯಾಪ್ಟನ್.

"ಇದೇನಮ್ಮ?" ಎಂದರು ಅಮಲ್ದಾರರು.

"ಪ್ರಸಾದ ಬುದ್ಧಿ," ಎಂದಳು ಪಿಳ್ಳಮ್ಮ.

ಅಮಲ್ದಾರರು ಧರ್ಮಭೀರುಗಳು. ಪ್ರಸಾದವೆಂದು ಕಿವಿಗೆ ಬಿದ್ದ ಮೇಲೆ ಬೇಡವೆನ್ನುವುದು ಅವರಿಂದಾಗುತ್ತಿರಲಿಲ್ಲ. ರುಮಾಲು ಸರಿಮಾಡಿಕೊಂಡು ಬಲಗೈ ಚಾಚಿದರು. ಪಿಳ್ಳಮ್ಮ ಮುಂದಿನ ಸಾಲಿನಿಂದ ಒಂದು ರೊಟ್ಟಿ ತೆಗೆದಳು. ಆ ಕೈಯ ಮೇಲೆ ಅದನ್ನಿಟ್ಟುಬಿಟ್ಟರೆ ಒಲೆ ಉಳಿಯುತ್ತಿತ್ತು. ಐದು ಮನೆಗಳೂ ಉಳಿಯುತ್ತಿದ್ದವು. ಹೆಂಗಸರೆಲ್ಲ ಅವಳ ಕೈಯನ್ನೇ ನೋಡುತ್ತಿದ್ದರು. ಅಮಲ್ದಾರರು ಭಕ್ತಿಯಿಂದ ತಲೆ ಬಾಗಿಸಿ ಕೈಯೊಡ್ಡಿಯೇ ಇದ್ದರು. ಪಿಳ್ಳಮ್ಮ ರೊಟ್ಟಿಯನ್ನು ಮತ್ತೆ ಒಳಕ್ಕಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು.

"ಬೇಡ ಬುದ್ಧಿ. ಇದು ತಮಗೆ ಆಗಾಕಿಲ್ಲ. ಇದರಾಗೆ ಹೆಂಡ ಐತೆ. ತಾವು ಮಡಿಯೋರು, ನಂಬಿ ಕೈಯೊಡ್ಡಿದ್ರಿ. ನನ್ನ ಕೈಲಾಗಲ್ಲ."

ಎಲ್ಲ ಹಾಳಾಯಿತು ಎಂದು ಪಟೇಲರು ಕಣ್ಣು ಮುಚ್ಚಿಕೊಂಡರು. ಅಮಲ್ದಾರರು ಚಾಚಿದ ಕೈಯನ್ನು ನಿಧಾನವಾಗಿ ಹಿಂದಕ್ಕೆಳೆದು, ಅದನ್ನೇ ಒಮ್ಮೆ ನೋಡಿಕೊಂಡರು.

"ಹೆಂಡವೇ? ದಿನಾಲೂ ಹಾಕುತ್ತೀರೋ?"

"ದಿನಾ ಬುದ್ಧಿ. ಹೆಂಡ ಇಲ್ದೆ ಅಮ್ಮ ಏಳಾಕಿಲ್ಲ."

ಅಮಲ್ದಾರರು ಕ್ಯಾಪ್ಟನ್ನನ ಕಡೆ ತಿರುಗಿದರು. "ಈವರೆಗೆ ನನಗೆ ಸಂಶಯವಿತ್ತು," ಎಂದರು. "ಈಗಿಲ್ಲ. ಸುಳ್ಳುಗುಡಿ ಕಟ್ಟುವವರು ನನಗೆ ಹಾಲು, ಸಕ್ಕರೆ ತೋರಿಸುತ್ತಿದ್ದರು. ಹೆಂಡದ ನೈವೇದ್ಯವೆಂದರೆ ಇದು ನಿಜವಾದ ಗ್ರಾಮದೇವತೆ. ನಿಮ್ಮ ಕಡೆಯ ಮನುಷ್ಯನೇ ಕಣ್ಣೀರಿಟ್ಟು ಅಡ್ಡಬಿದ್ದಿದ್ದಾನೆ, ಕೈ ಸುಟ್ಟುಕೊಂಡಿದ್ದಾನೆ. ನಮ್ಮವರಲ್ಲೂ ಇಂಥ ಭಕ್ತಿಯನ್ನು ನಾನು ಕಂಡಿಲ್ಲ." ಗುಮಾಸ್ತನಿಗೆ ದೇವತೆಯ ಹೆಸರು ಬರೆಯಲು ಹೇಳಿದರು. ಪಿಳ್ಳಮ್ಮ ಪಟೇಲರನ್ನು ನೋಡಿದಳು, ಪಟೇಲರು ಆಕಾಶ ನೋಡಿದರು. ಹೆಸರಿಡುವುದನ್ನು ಎಲ್ಲರೂ ಮರೆತಿದ್ದರು. ಗುಮಾಸ್ತ ಮಾತ್ರ ತಲೆ ಎತ್ತದೆ, "ಆಗಲೇ ಬರಕೊಂಡೆ ಸ್ವಾಮಿ. ಆ ಬಿಳಿ ಭಕ್ತ ಕೂಗಿದನಲ್ಲ, ರೊಟ್ಟಮ್ಮ ಅಂತ," ಎಂದ.

ಅಮಲ್ದಾರರು ನಿಜವಾಗಿ ನಂಬಿದರೋ, ನಂಬಿದಂತೆ ಮಾಡಿದರೋ ಎಂಬುದರ ಮೇಲೆ ನಮ್ಮೂರಲ್ಲಿ ಎರಡು ಪಂಗಡಗಳಿವೆ. ಹಿಂದಿನ ವರ್ಷ ಕ್ಯಾಪ್ಟನ್ನನ ಬಂಗಲೆಗೆ ಹೋಗಿದ್ದಾಗ ಅವರಿಗೆ ಕುರ್ಚಿ ಕೊಡದೆ ಜಗಲಿಯಲ್ಲೇ ಒಂದು ಗಳಿಗೆ ನಿಲ್ಲಿಸಿದ್ದರು ಎಂದು ಒಂದು ಪಂಗಡದವರು ಕಣ್ಣು ಮಿಟುಕಿಸುತ್ತಾರೆ. ಆಜ್ಞೆಯಂತೂ ಹೊರಟಿತು: ರೊಟ್ಟಮ್ಮನ ದಿಣ್ಣೆಯನ್ನು ಕಂಪನಿ ಮುಟ್ಟಕೂಡದು, ಅಲ್ಲಿನ ಪೂಜೆ, ಬೆಂಕಿ, ನೈವೇದ್ಯ ಎಂದಿನಂತೆ ಒಂದು ದಿನವೂ ತಪ್ಪದೆ ನಡೆಯಬೇಕು, ಈಡಿಗರ ಪಿಳ್ಳಮ್ಮನೇ ಪೂಜಾರಿಣಿ. ಹೀಗೆ ಸರ್ಕಾರದ ಅಪ್ಪಣೆಯ ಮೇಲೆ ರೊಟ್ಟಿ ಸುಡುವ ಊರು ನಮ್ಮದೊಂದೇ ಆಯಿತು. ಬತ್ತಿ ದೊರೆ ತಾನೇ ಕಟ್ಟಿದ ಒಲೆಯ ಮುಂದೆ ಬೂಟು ಬಿಚ್ಚಿ ನಿಲ್ಲಬೇಕಾಯಿತು. ಪಿಳ್ಳಮ್ಮ ಆ ವಿಷಯದಲ್ಲಿ ಯಾರಿಗೂ ರಿಯಾಯಿತಿ ಕೊಡಲಿಲ್ಲ. ಚಹಾದ ಮಂಟಪ ಬಿಳಿಮಣ್ಣಿನ ಗುಡ್ಡೆಯ ಪಕ್ಕದಲ್ಲಿ ಎದ್ದಿತು. ಗಾಳಿ ಬೀಸಿದಾಗಲೆಲ್ಲ ದೊರೆಸಾನಿಯ ಚಹಾ ಹಾಲು ಹಾಕದೆಯೇ ಬೆಳ್ಳಗಾಗುತ್ತಿತ್ತು. ಆರು ತಿಂಗಳ ಮೇಲೆ ಒಂದು ಶನಿವಾರ ತಿರುಗಣ್ಣ ದೊರೆಯೇ ಮೆಟ್ಟಿಲು ಹತ್ತಿ ಬಂದು, ಟೋಪಿ ತೆಗೆದು, ಬೂಟು ಬಿಚ್ಚಿ, ಹೆಬ್ಬೆರಳು ಹೊರಬಿದ್ದ ಕಾಲುಚೀಲದಲ್ಲಿ ಸಾಲಿನ ತುದಿಗೆ ನಿಂತ. ಪಿಳ್ಳಮ್ಮ ಅವನಿಗೆ ಎರಡು ರೊಟ್ಟಿ ಕೊಟ್ಟಳು. ಬತ್ತಿ ದೊರೆ ಇನ್ನೂ ಹನ್ನೊಂದು ವರ್ಷ ಇಲ್ಲಿದ್ದು, ಸುರಂಗದ ದೂಳು ಎದೆಗೆ ಕೂತ ಮೇಲೆ ಊರಿಗೆ ಹೊರಟ. ಹೋಗುವಾಗ ಒಂದು ಸೀಸೆಯಲ್ಲಿ ಹೆಂಡ ತುಂಬಿಸಿಕೊಂಡಿದ್ದನಂತೆ. ಅದು ಹಡಗಿನಲ್ಲಿ ಸಿಡಿಯಿತು ಎಂಬ ಸುದ್ದಿಯಷ್ಟೇ ಹಿಂದಿರುಗಿ ಬಂತು.

ಗಣಿ ಮುಚ್ಚಿ ಬಹಳ ಕಾಲವಾಯಿತು. ಗುಡಿಯಲ್ಲಿ ಈಗ ಪಿಳ್ಳಮ್ಮನ ಮರಿಮಗಳ ಮಗಳು ಸಾಕಮ್ಮ ಪೂಜೆ ಮಾಡುತ್ತಾಳೆ. ಬೆಳಗ್ಗೆ ಹೋದರೆ ಹೊಗೆ ಏಳುವುದನ್ನು ಕಾಣಬಹುದು. ಭಾನುವಾರ ಬೆಂಗಳೂರಿನಿಂದ ಬೈಕುಗಳಲ್ಲಿ ಬರುವವರು, ಪ್ರಸಾದ ತೀರಿಹೋಗುವ ಮುಂಚೆ ತಲುಪಲೆಂದು ಎಪ್ಪತ್ತು ಮೆಟ್ಟಿಲನ್ನೂ ಓಡಿಕೊಂಡೇ ಹತ್ತುತ್ತಾರೆ. ಮಡಿಯವರಿಗೆಂದು ಬೇರೆ ತಟ್ಟೆಯಲ್ಲಿ ಕಲ್ಲುಸಕ್ಕರೆ ಇರುತ್ತದೆ. ಕಳೆದ ವರ್ಷ ಇಟಲಿಯಿಂದ ಗಂಡ ಹೆಂಡಿರು ಇಬ್ಬರು ಬಂದಿದ್ದರು. ಗುಡಿಯ ಸುತ್ತ ಎರಡು ಸಲ ಬಂದು, ಬಾಯೊಳಗೆ ಬಗ್ಗಿ ನೋಡಿ, ಒಬ್ಬರ ಮುಖ ಒಬ್ಬರು ನೋಡಿ ನಗತೊಡಗಿದರು. ಅವರನ್ನು ಕರೆತಂದಿದ್ದ ಗೈಡು, "ಇವರ ಊರಲ್ಲಿ ಇಂಥದ್ದು ಪ್ರತಿ ಮನೆ ಹಿತ್ತಲಲ್ಲೂ ಇದೆಯಂತೆ ಅಕ್ಕ," ಎಂದ. ಸಾಕಮ್ಮ ಕೈಯಲ್ಲಿದ್ದ ಅರಿಸಿನ ಒರೆಸಿಕೊಂಡು ಅವರಿಬ್ಬರನ್ನೂ ಹೊಸದಾಗಿ ಎಂಬಂತೆ ನೋಡಿದಳು.

"ಮನೆಮನೆಗೂ ಅಮ್ಮ ಅವ್ಳೆ ಅನ್ನು. ಪುಣ್ಯವಂತರು ಕಣಪ್ಪ," ಎಂದಳು. "ಬೂಟು ಬಿಚ್ಚಿ ಸಾಲಲ್ಲಿ ನಿಂತ್ಕೊಳಾಕೆ ಹೇಳು."